ನಗುವನ್ನು ಕಾಪಿಟ್ಟ ನಟಿ

ಲೂಸಿಲ್ ಬಾಲ್ ಅವರನ್ನು ಜಗತ್ತು ಹಾಸ್ಯನಟಿಯೆಂದೇ ನೆನೆಯುತ್ತದೆ. ಆದರೆ ಟೆಲಿವಿಷನ್ ಚರಿತ್ರೆಯಲ್ಲಿ ಅವರ ಹಿರಿಮೆ ನಗಿಸಿದ್ದರಲ್ಲಿ ಎಷ್ಟಿದೆಯೋ ಆ ನಗುವನ್ನು ಅಳಿಯದಂತೆ ಉಳಿಸಿದ್ದರಲ್ಲೂ ಅಷ್ಟೇ ಇದೆ. 1951ರಲ್ಲಿ ಅವರ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’ ಶುರುವಾದಾಗ ಅಮೆರಿಕದ ಅನೇಕ ಜನಪ್ರಿಯ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು; ದೂರದ ಊರುಗಳಿಗೆ ಸಿಗುತ್ತಿದ್ದುದು ಟಿವಿ ಪರದೆಯಿಂದಲೇ ತೆಗೆದ ಮಸುಕು ಪ್ರತಿ. ಲೂಸಿಲ್ ಮತ್ತು ಪತಿ ಡೆಸಿ ಅರ್ನಾಜ್ ಹಾಲಿವುಡ್ ಬಿಡಲು ಒಪ್ಪಲಿಲ್ಲ. ಪ್ರೇಕ್ಷಕರ ಎದುರೇ ಮೂರು ಕ್ಯಾಮೆರಾಗಳಿಂದ 35 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸಿದರು. ಎಲ್ಲ ಕೋನಗಳಿಗೂ ಹೊಂದುವ ಬೆಳಕನ್ನು ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಅಣಿಗೊಳಿಸಿದರು. ಕಂತುಗಳ ಒಡೆತನ ದಂಪತಿಯ ‘ಡೆಸಿಲು’ ಸಂಸ್ಥೆಗೇ ದಕ್ಕಿತು. ಒಮ್ಮೆ ತೋರಿಸಿದರೆ ಮುಗಿದುಹೋಗುತ್ತಿದ್ದ ಆಟ ಹೀಗೆ ಮರುಪ್ರಸಾರದ ಆಸ್ತಿಯಾಯಿತು.

ವ್ಯವಹಾರದ ಜಾಣ್ಮೆಯೆಲ್ಲ ಡೆಸಿಯವರದು, ಹಲವು ಕ್ಯಾಮೆರಾಗಳ ಬಳಕೆಯೂ ಹೊಸದಲ್ಲ ಎಂಬ ಆಕ್ಷೇಪವಿದೆ. ಎರಡರಲ್ಲೂ ಸತ್ಯಾಂಶವುಂಟು. ಆದರೆ ತಂತ್ರ ಮೊದಲೇ ಇದ್ದರೂ ಅದನ್ನು ಹಾಸ್ಯ ಧಾರಾವಾಹಿಗಳ ರೂಢಿಯಾಗಿಸಿದ್ದು ಈ ಕಾರ್ಯಕ್ರಮದ ಯಶಸ್ಸು. ಆ ಯಶಸ್ಸಿನ ಜೀವಾಳ ಲೂಸಿಲ್ ಅವರ ಅಭಿನಯ. ವಿಚ್ಛೇದನದ ಬಳಿಕ, 1962ರಲ್ಲಿ, ಡೆಸಿಲುವಿನಲ್ಲಿ ಡೆಸಿಯವರಿಗಿದ್ದ ಪಾಲನ್ನು ಕೊಂಡು ದೊಡ್ಡ ಸ್ಟುಡಿಯೊವೊಂದರ ಮುಖ್ಯಸ್ಥೆಯಾದವರೂ ಅವರೇ. 1966ರಲ್ಲಿ ‘ಸ್ಟಾರ್ ಟ್ರೆಕ್’, ‘ಮಿಷನ್: ಇಂಪಾಸಿಬಲ್’ ಅಲ್ಲಿಂದಲೇ ಹೊರಬಂದವು. ನಟಿಯ ಬದುಕನ್ನು ಪಾತ್ರಗಳ ಪಟ್ಟಿಯಿಂದಷ್ಟೇ ಅಳೆಯುವುದು ಅನ್ಯಾಯ. ಆಕೆ ಕಟ್ಟಿ ಬೆಳೆಸಿದ ಉದ್ಯಮವೂ ಲೆಕ್ಕಕ್ಕೆ ಬರಲೇಬೇಕು.