ಫ್ಲೈಟ್ ಸಿಮ್ಯುಲೇಟರ್ ಜಾಯ್‌ಸ್ಟಿಕ್ ಲೊಡಲೊಡ ಅನ್ನುತ್ತಿದೆಯೇ? ಮನೆಯಲ್ಲೇ ಸರಿಪಡಿಸುವುದು ಹೇಗೆ?

ಒಂದು ಕಂಪ್ಯೂಟರ್, ಒಂದು ಸಿಮ್ಯುಲೇಟರ್ ತಂತ್ರಾಂಶ, ಒಂದು ಜಾಯ್‌ಸ್ಟಿಕ್ ಇದ್ದರೆ ಗುಡೇಕೋಟೆಯ ಮನೆಯಲ್ಲಿ ಕುಳಿತೇ ತೋರಣಗಲ್ಲಿನ ವಿದ್ಯಾನಗರ ರನ್‌ವೇಯಿಂದ ವಿಮಾನ ಏರಿಸಬಹುದು. ಆದರೆ ದಿನವೂ ಬಳಸುವ ಕೋಲು ಕ್ರಮೇಣ ಸಡಿಲವಾಗುತ್ತದೆ. ವಿಮಾನ ಒಂದು ಬದಿಗೆ ವಾಲುತ್ತದೆ, ಲ್ಯಾಂಡಿಂಗ್ ಹೊತ್ತಿಗೆ ಮೂಗು ಮೇಲೆ ಕೆಳಗೆ ಕುಣಿಯುತ್ತದೆ. ಸಾವಿರಾರು ರೂಪಾಯಿಯ ಸಾಧನ ಹಾಳಾಯಿತು ಎಂದು ಹೊಸದಕ್ಕೆ ಹಣ ಹೊಂದಿಸುವ ಮೊದಲು, ಅದರ ಒಳಗೆ ಏನಾಗಿದೆ ಎಂದು ತಿಳಿಯೋಣ.

ಸಡಿಲವಾದರೆ ಸೆನ್ಸರ್ ಕೆಟ್ಟಂತೆಯೇ?

ಅಲ್ಲ. ಇವು ಎರಡು ಬೇರೆ ತೊಂದರೆಗಳು. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಗೇಮ್ ಕಂಟ್ರೋಲರ್ ಪರೀಕ್ಷಿಸುವ ಕಿಟಕಿಯನ್ನು ತೆರೆಯಿರಿ. ಅಲ್ಲಿ ಕೋಲಿನ ಸ್ಥಾನವನ್ನು ಒಂದು ಕೂಡು ಚಿಹ್ನೆ ತೋರಿಸುತ್ತದೆ.

• ಕೋಲು ಅಲುಗಿದರೂ ಚಿಹ್ನೆ ಅಲುಗದಿದ್ದರೆ, ಅದು ಕೀಲಿನ ಸಡಿಲ. ಮೆಕ್ಯಾನಿಕ್‌ಗಳು ‘ಪ್ಲೇ ಬಂದಿದೆ’ ಅನ್ನುವುದು ಇದಕ್ಕೇ.
• ಕೈ ತೆಗೆದ ಮೇಲೂ ಚಿಹ್ನೆ ನಡುಗುತ್ತಿದ್ದರೆ, ಸೆನ್ಸರ್‌ನಲ್ಲಿ ಕೊಳೆ ಅಥವಾ ಸವೆತ ಇದೆ.
• ಕೋಲು ನಡುವಿಗೆ ಮರಳದಿದ್ದರೆ, ಸ್ಪ್ರಿಂಗ್ ಸೊರಗಿರಬಹುದು ಅಥವಾ ಕೀಲು ಬಿಗಿಯಾಗಿರಬಹುದು.

ಕೀಲಿನಲ್ಲಿ ಬರೀ 1 ಡಿಗ್ರಿ ಸಡಿಲ ಇದ್ದರೂ 20 ಸೆಂ.ಮೀ. ಉದ್ದದ ಕೋಲಿನ ತುದಿ ಸುಮಾರು 3.5 ಮಿ.ಮೀ. ಅಲ್ಲಾಡುತ್ತದೆ. ಕೈಗೆ ದೊಡ್ಡದೆನಿಸುವ ದೋಷ ಬುಡದಲ್ಲಿ ಚಿಕ್ಕದಾಗಿರುತ್ತದೆ. ಇನ್ನು, ಸಾಧನವನ್ನು ಕುಲುಕಿದಾಗ ಗುಂಡಿ, ಟ್ರಿಗರ್‌ಗಳು ಸ್ವಲ್ಪ ಸದ್ದು ಮಾಡುವುದು ಸಹಜ.

ಬಿಚ್ಚುವ ಮೊದಲು

ವಾರಂಟಿ ಇದ್ದರೆ ಬಿಚ್ಚಬೇಡಿ. ಬಿಚ್ಚಿದರೆ ಅದು ಕೈತಪ್ಪಬಹುದು. ಇಲ್ಲದಿದ್ದರೆ ಯುಎಸ್‌ಬಿ ತಂತಿ ಕಿತ್ತು, ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆಯಾಗಿ ಇಟ್ಟರೆ ಯಾವುದು ಎಲ್ಲಿಯದೆಂದು ಗೊಂದಲವಾಗದು. ಒಳಗಿನ ಸ್ಪ್ರಿಂಗ್ ಚಿಮ್ಮಬಹುದು, ಮುಖವನ್ನು ದೂರವಿಡಿ.

ಸರಿಪಡಿಸುವ ಕ್ರಮ

1. ಬಹಳ ಸಲ ಸಡಿಲ ಸ್ಕ್ರೂವೇ ಕಾರಣ. ಪ್ಲಾಸ್ಟಿಕ್‌ಗೆ ಸ್ಕ್ರೂ ಹಾಕುವಾಗ ಮೊದಲು ಎಡಕ್ಕೆ ತಿರುಗಿಸಿ, ಹಳೆಯ ಮರೆಗೆ ‘ಟಕ್’ ಎಂದು ಕೂತ ಮೇಲೆ ಬಲಕ್ಕೆ ತಿರುಗಿಸಿ. ಅತಿಯಾಗಿ ಬಿಗಿದರೆ ಮರೆ ಹೋಗುತ್ತದೆ.

2. ಕೋಲು ಬುಡಕ್ಕೆ ಸೇರುವ ಕಡೆ ಸಡಿಲವಿದ್ದರೆ ನಲ್ಲಿ ರಿಪೇರಿಯ ಟೆಫ್ಲಾನ್ ಟೇಪ್ ಸಾಕು. ಒಂದು ಸುತ್ತಿನ ದಪ್ಪ ಸುಮಾರು 0.1 ಮಿ.ಮೀ. ಒಂದೊಂದೇ ಸುತ್ತು ಹಾಕಿ, ಜೋಡಿಸಿ ನೋಡಿ.

3. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಬಡಿದು ಸದ್ದಾಗುತ್ತಿದ್ದರೆ, ಬಡಿಯುವ ಜಾಗದಲ್ಲಿ ತೆಳುವಾದ ಫೋಮ್ ಟೇಪ್ ಅಥವಾ ಉಣ್ಣೆಬಟ್ಟೆಯ ತುಂಡು ಅಂಟಿಸಿ. ಚಲನೆಗೆ ಅಡ್ಡ ಬರಬಾರದು.

4. ಚಿಹ್ನೆ ನಡುಗುತ್ತಿದ್ದರೆ ಪೊಟೆನ್ಶಿಯೋಮೀಟರ್ ನೋಡಿ. ಇದರಲ್ಲಿ ಒಂದು ಲೋಹದ ತುಂಡು ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತದೆ. ಧೂಳು ಸೇರಿದರೆ ಸಂಕೇತ ಜಿಗಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಇಪ್ಪತ್ತು ಮೂವತ್ತು ಸಲ ಆಡಿಸಿ, ಪೂರ್ತಿ ಒಣಗಿಸಿ. ಪಟ್ಟಿಯೇ ಸವೆದಿದ್ದರೆ ಬದಲಿಸುವುದೊಂದೇ ದಾರಿ.

ಹಾಲ್ ಸೆನ್ಸರ್ ಇರುವ ಕೋಲುಗಳಿಗೆ ಈ ಉಜ್ಜಾಟವಿಲ್ಲ. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ಪರಿಣಾಮವನ್ನು ಬಳಸಿ, ಮುಟ್ಟದೆಯೇ ಅಯಸ್ಕಾಂತದ ಸ್ಥಾನವನ್ನು ಅವು ಅಳೆಯುತ್ತವೆ. ಆದರೆ ಅವುಗಳ ಕೀಲೂ ಸವೆಯುತ್ತದೆ. ಜೋಡಿಸಿದ ಮೇಲೆ ಕ್ಯಾಲಿಬ್ರೇಶನ್ ಮಾಡುವುದನ್ನು ಮರೆಯಬೇಡಿ.

ಕೊಬ್ಬರಿ ಎಣ್ಣೆ ಹಾಕಬಹುದೇ?

ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಜಾರುವ ಕೋಲು ಚಳಿಗಾಲದ ಮುಂಜಾನೆ ಹಿಡಿದುಕೊಳ್ಳುತ್ತದೆ. ದಿನ ಕಳೆದಂತೆ ಅದು ಜಿಡ್ಡಾಗಿ ಧೂಳನ್ನು ಅಂಟಿಸಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯಲ್ಲಿ ಧೂಳಿಗೇನು ಕೊರತೆ? ಸೀಮೆಎಣ್ಣೆ, ಪೆಟ್ರೋಲ್‌ಗಳು ಕೆಲವು ಪ್ಲಾಸ್ಟಿಕ್‌ಗಳನ್ನು ಹಾಳುಮಾಡುತ್ತವೆ, ಬೆಂಕಿಯ ಅಪಾಯವೂ ಇದೆ. ಹಳೆಯ ಗ್ರೀಸ್ ಒರೆಸಿ, ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಸೆನ್ಸರ್‌ಗೆ ತಾಗಿಸಬೇಡಿ.

ಡೆಡ್‌ಝೋನ್ ಹೆಚ್ಚಿಸಿದರೆ ಸಾಲದೇ?

ಡೆಡ್‌ಝೋನ್ ಎಂದರೆ ನಡುವಿನ ಚಿಕ್ಕ ಚಲನೆಯನ್ನು ತಂತ್ರಾಂಶ ಲೆಕ್ಕಿಸದಿರುವುದು. ಇದರಿಂದ ನಡುಕ ಮರೆಯಾಗುತ್ತದೆ, ದೋಷ ಹೋಗುವುದಿಲ್ಲ. ಲ್ಯಾಂಡಿಂಗ್‌ಗೆ ಬೇಕಾದ ಸೂಕ್ಷ್ಮ ಚಲನೆಯೂ ಅದರೊಂದಿಗೆ ಹೋಗುತ್ತದೆ. ಹಾಗಾಗಿ ಇದು ಕೊನೆಯ ಉಪಾಯ.

ಮನೆಯ ಸಿಮ್ಯುಲೇಟರಿನ ಗಂಟೆಗಳು ಪೈಲಟ್ ಪರವಾನಗಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೈಗೆ ಹತ್ತಿದ ರೂಢಿ ಉಳಿದುಬಿಡುತ್ತದೆ. ಸಡಿಲ ಕೋಲಿಗೆ ಒಗ್ಗಿದ ಕೈ ಬೇಕಾದ್ದಕ್ಕಿಂತ ಹೆಚ್ಚು ಎಳೆಯಲು ಕಲಿಯುತ್ತದೆ. ಮುಂದೆ ನಿಜವಾದ ವಿಮಾನ ಹಾರಿಸುವ ಆಸೆಯಿರುವ ಮಕ್ಕಳು ಮನೆಯಲ್ಲಿದ್ದರೆ, ಅರ್ಧ ದಿನದ ಈ ಕೆಲಸ ಮಾಡುವುದು ಒಳ್ಳೆಯದು.