ಮಂಗೋಲಿಯಾ ಸರಣಿ: ಬೋಗ್ದ್‌ನ ಮೇಕೆ ಲೆಕ್ಕ

(1/6)
ಮಂಗೋಲಿಯಾ ಅಂದ್ರೆ ನಮಗೆಲ್ಲ ನೆನಪಾಗೋದು ಚೆಂಗೀಸ್ ಖಾನ್ ಒಬ್ನೇ. ಇವತ್ತು ಅವನ ಕಥೆ ಬೇಡ ಫ್ರೆಂಡ್ಸ್. ಬಯನ್‌ಹೊಂಗೊರ್ ಪ್ರಾಂತ್ಯದ ಬೋಗ್ದ್ ಅನ್ನೋ ಊರ ಕಡೆ ಹೋಗೋಣ. ಇದೊಂದು 'ಸುಮ್'. ನಮ್ಮ ತಾಲೂಕಿನ ಥರ ಅಂದ್ಕೊಳ್ಳಿ, ಆದ್ರೆ ಜನ ಕೆಲವೇ ಸಾವಿರ. ದಕ್ಷಿಣಕ್ಕೆ ಸುಮಾರು 3,957 ಮೀಟರ್ ಎತ್ತರದ ಇಖ್ ಬೋಗ್ದ್ ಬೆಟ್ಟ, ಅದರ ಬುಡದಲ್ಲಿ ಓರೋಗ್ ಸರೋವರ. ಬರ ಬಿದ್ದ ವರ್ಷಗಳಲ್ಲಿ ಈ ಸರೋವರವೇ ಒಣಗಿಹೋಗಿದ್ದುಂಟು. 1957ರ ಡಿಸೆಂಬರ್‌ನಲ್ಲಿ 8ಕ್ಕೂ ಹೆಚ್ಚು ತೀವ್ರತೆಯ ಭೂಕಂಪ ಇದೇ ಬೆಟ್ಟಸಾಲನ್ನು ಸೀಳಿತು. ಅದು ಒಮ್ಮೆ ಬಂದು ಹೋಯ್ತು. ಚಳಿಗಾಲ ಮಾತ್ರ ಪ್ರತಿ ವರ್ಷ ಬರುತ್ತೆ.

(2/6)
1921ರ ಕ್ರಾಂತಿಗೂ ಮುಂಚೆ ದೊಡ್ಡ ದೊಡ್ಡ ಹಿಂಡುಗಳು ಕುಲೀನರ ಮತ್ತು ಬೌದ್ಧ ಮಠಗಳ ಕೈಲಿದ್ದವು. ಬಡ ಕುಟುಂಬಗಳು ಅವನ್ನ ಮೇಯಿಸಿಕೊಡ್ತಿದ್ವು. 1930ರ ಸುಮಾರಿಗೆ ಸರ್ಕಾರ ಎಲ್ಲರ ಜಾನುವಾರನ್ನೂ ಬಲವಂತವಾಗಿ ಒಟ್ಟು ಸೇರಿಸೋಕೆ ಹೊರಟಿತು. ಜನ ಕೊಡೋ ಬದಲು ಕಡಿದು ಹಾಕಿದರು. 1932ರಲ್ಲಿ ದೇಶದ ಪಶ್ಚಿಮದಲ್ಲಿ ದಂಗೆಯೇ ಎದ್ದಿತು. ಆ ಎರಡೇ ವರ್ಷದಲ್ಲಿ ದೇಶದ ಜಾನುವಾರು ಸುಮಾರು 70 ಲಕ್ಷ ಕಡಿಮೆಯಾಯ್ತು. ಸರ್ಕಾರ ಹಿಂದೆ ಸರಿಯಿತು.

(3/6)
1950ರ ದಶಕದಲ್ಲಿ ಮತ್ತೆ ಪ್ರಯತ್ನ. ಈ ಸಲ ಗೆದ್ದರು. ದಶಕ ಮುಗಿಯೋಷ್ಟರಲ್ಲಿ ಬಹುತೇಕ ಎಲ್ಲ ಕುರಿಗಾಹಿಗಳೂ 'ನೆಗ್ದೆಲ್' ಅನ್ನೋ ಸಹಕಾರ ಸಂಘದೊಳಗೆ. ಗೋಬಿ ಪ್ರದೇಶದಲ್ಲಿ ಒಂದು ಕುಟುಂಬಕ್ಕೆ ಸ್ವಂತ ಅಂತ ಹೆಚ್ಚೆಂದರೆ 75 ಪ್ರಾಣಿ. ಬದಲಿಗೆ ಸಂಬಳ, ಪಿಂಚಣಿ, ಪಶುವೈದ್ಯರು, ವಲಸೆಗೆ ಲಾರಿ, ಮಕ್ಕಳಿಗೆ ಹಾಸ್ಟೆಲ್ ಇರೋ ಶಾಲೆ. ಲಾಭ ಸಂಘದ್ದು, ನಷ್ಟವೂ ಬಹುಪಾಲು ಸಂಘದ್ದೇ.

(4/6)
1990ರಲ್ಲಿ ಪ್ರಜಾಪ್ರಭುತ್ವ ಬಂತು. ಸೋವಿಯತ್ ನೆರವು ನಿಂತಿತು. ನೆಗ್ದೆಲ್‌ಗಳು ಮುಚ್ಚಿ, ಪ್ರಾಣಿಗಳು ಮನೆಮನೆಗೆ ಹಂಚಿಕೆಯಾದವು. ಕೆಲಸ ಕಳ್ಕೊಂಡ ಎಷ್ಟೋ ಜನ ಹಿಂಡಿನ ಕಡೆಗೇ ವಾಪಸ್ ಬಂದರು. ಸುಮಾರು ಒಂದೂವರೆ ಲಕ್ಷ ಇದ್ದ ಕುರಿಗಾಹಿಗಳು ಹತ್ತೇ ವರ್ಷದಲ್ಲಿ 4 ಲಕ್ಷ ದಾಟಿದರು. ಆದ್ರೆ 1992ರ ಸಂವಿಧಾನದ ಪ್ರಕಾರ ಹುಲ್ಲುಗಾವಲು ಯಾರ ಖಾಸಗಿ ಆಸ್ತಿಯೂ ಆಗೋ ಹಾಗಿಲ್ಲ. ಪ್ರಾಣಿ ನಂದು, ಹುಲ್ಲು ಎಲ್ಲರದ್ದು. ಮುಂದಿನ ತಲೆನೋವು ಶುರುವಾಗೋದೇ ಇಲ್ಲಿ.

(5/6)
ಕೈಗೆ ಬೇಗ ದುಡ್ಡು ಕೊಡೋದು ಮೇಕೆ. ವಸಂತದಲ್ಲಿ ಅದರ ಒಳಗೂದಲನ್ನ ಬಾಚಿ ತೆಗೀತಾರೆ, ಅದೇ ಕ್ಯಾಶ್ಮೀರ್. ಇದರ ಉತ್ಪಾದನೆಯಲ್ಲಿ ಚೀನಾ ಬಿಟ್ರೆ ಮಂಗೋಲಿಯಾನೇ. 1990ರಲ್ಲಿ ಹಿಂಡಿನಲ್ಲಿ ಐದಕ್ಕೆ ಒಂದು ಮೇಕೆ ಇತ್ತು. ಆಮೇಲೆ ಹತ್ತಕ್ಕೆ ನಾಲ್ಕಾಯ್ತು. ಮೇಕೆ ಹುಲ್ಲನ್ನ ಬುಡದ ತನಕ ಮೇಯುತ್ತೆ. ಅಂದ್ರೆ ಆದಾಯ ಹೆಚ್ಚಿದ ಹಾಗೆ ಬಂಡವಾಳ ಸವೀತಾ ಹೋಗುತ್ತೆ. ಆ ಸವಕಳಿ ಯಾರ ಖಾತೆಯಲ್ಲೂ ಕಾಣಲ್ಲ.

(6/6)
ಬೇಸಿಗೆಯಲ್ಲಿ ಬರ, ಆಮೇಲೆ ಹಿಮ, ಹುಲ್ಲಿನ ಮೇಲೆ ಮಂಜುಗಡ್ಡೆ. ಪ್ರಾಣಿಗಳು ಹಸಿವಲ್ಲಿ, ಚಳೀಲಿ ಸಾಯ್ತವೆ. ಇದಕ್ಕೆ 'ಝುದ್' ಅಂತಾರೆ. 2009-10ರ ಒಂದೇ ಚಳಿಗಾಲಕ್ಕೆ ದೇಶದಲ್ಲಿ ಸುಮಾರು 1 ಕೋಟಿ ಪ್ರಾಣಿ ಹೋದವು. 2023-24ರಲ್ಲಿ 70 ಲಕ್ಷಕ್ಕೂ ಹೆಚ್ಚು. ಹಿಂಡು ಹೋದ್ರೆ ಸಂಬಳ, ಉಳಿತಾಯ, ಅಡಮಾನ ಮೂರೂ ಒಟ್ಟಿಗೇ ಹೋದ ಹಾಗೆ. ಎಷ್ಟೋ ಕುಟುಂಬಗಳು ಡೇರೆ ಕಟ್ಕೊಂಡು ಉಲಾನ್‌ಬಾತರ್‌ನ ಅಂಚಿಗೆ ಹೋಗಿ ನೆಲೆಸಿವೆ.

ಅದಕ್ಕೇ 2006ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಒಂದು ಹೊಸ ವಿಮೆ ಬಂತು. ಮೊದಲು ಶುರುವಾದ ಮೂರು ಪ್ರಾಂತ್ಯಗಳಲ್ಲಿ ಬಯನ್‌ಹೊಂಗೊರ್ ಕೂಡ ಒಂದು. ನಿಮ್ಮ ಮನೆಯ ಸತ್ತ ಮೇಕೆಗಳನ್ನ ಯಾರೂ ಬಂದು ಎಣಿಸಲ್ಲ. ಇಡೀ ಸುಮ್‌ನಲ್ಲಿ ಆ ಜಾತಿಯ ಪ್ರಾಣಿಗಳ ಸಾವು 6% ದಾಟಿದ್ರೆ ಮಾತ್ರ ಪರಿಹಾರ. ಕಷ್ಟಪಟ್ಟು ಹಿಂಡು ಉಳಿಸ್ಕೊಂಡವನಿಗೂ ದುಡ್ಡು ಸಿಗುತ್ತೆ, ಹಾಗಾಗಿ ಯಾರೂ ಕೈಚೆಲ್ಲಿ ಕೂರಲ್ಲ. ಆದ್ರೆ ಸುಮ್‌ನ ಲೆಕ್ಕ 5%ಗೇ ನಿಂತು, ನಿನ್ನ ಅರ್ಧ ಹಿಂಡು ಸತ್ತಿದ್ರೆ? ಒಂದು ಪೈಸೆಯೂ ಇಲ್ಲ.

ಕ್ಲಾಸಲ್ಲಿ ರಿಸ್ಕ್ ಅನ್ನೋದನ್ನ ಎರಡು ಮಾರ್ಕಿನ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆ. ಬೋಗ್ದ್ ಬಗ್ಗೆ ಓದಿದ ಮೇಲೆ ಅನ್ಸಿದ್ದು ಇಷ್ಟೇ: ನೂರು ವರ್ಷದಲ್ಲಿ ಹಿಂಡಿನ ಮಾಲೀಕರು ಮೂರು ಸಲ ಬದಲಾದರು, ರಾತ್ರಿಯಿಡೀ ಎದ್ದು ಮರಿ ಕಾಯೋ ಕೈ ಬದಲಾಗಲಿಲ್ಲ.

ನೀವು ಅಲ್ಲಿ ಇದ್ದಿದ್ರೆ ಪ್ರೀಮಿಯಂ ಕಟ್ತಿದ್ರಾ, ಇಲ್ಲ ಅದೇ ದುಡ್ಡಿಗೆ ಹುಲ್ಲು ಕೂಡಿಡ್ತಿದ್ರಾ? ಕಮೆಂಟಲ್ಲಿ ಹೇಳಿ.