ಯಾಕ್ರೀ ಇಷ್ಟು ಸೈಲೆಂಟು?

"ಯಾಕ್ರೀ ಇಷ್ಟು ಸೈಲೆಂಟು? ಹುಷಾರಿಲ್ವಾ?"

ಯಾರ ಮನೆಗೆ ಊಟಕ್ಕೆ ಹೋದ್ರೂ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಹುಷಾರಾಗೇ ಇದೀನಿ ಸ್ವಾಮಿ, ಪಲಾವ್ ತಿಂತಾ ನಿಮ್ಮ ಮಾತು ಕೇಳ್ತಾ ಇದೀನಿ, ಅಷ್ಟೇ! ಹಾಗಂದ್ರೆ ಯಾರೂ ನಂಬಲ್ಲ. ಇನ್ನು ಹತ್ತು ಜನರೆದುರು "ಇವರು ಮಾತೇ ಆಡಲ್ಲ ನೋಡಿ" ಅಂತ ಪರಿಚಯ ಮಾಡಿಸಿಬಿಟ್ಟರಂತೂ, ಬರಬೇಕಿದ್ದ ಒಂದೆರಡು ಮಾತೂ ಗಂಟಲಲ್ಲೇ ನಿಂತುಬಿಡುತ್ತೆ. ಅಂಥ ಹೊತ್ತಲ್ಲೆಲ್ಲ ನನಗೆ ನೆನಪಾಗೋದು ಹೆನ್ರಿ ಕ್ಯಾವೆಂಡಿಶ್.

ಅಂತರ್ಮುಖಿ, ಬಹಿರ್ಮುಖಿ ಅನ್ನೋ ವಿಂಗಡಣೆ ಜನಪ್ರಿಯವಾಗಿದ್ದು ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕದಿಂದ. ಕ್ಯಾವೆಂಡಿಶ್ (1731-1810) ಅದಕ್ಕೂ ನೂರು ವರ್ಷ ಮೊದಲೇ ತೀರಿಹೋದವನು. ಇಬ್ಬರು ತಾತಂದಿರೂ ಡ್ಯೂಕ್‌ಗಳು, ದುಡ್ಡಿಗೇನೂ ಬರ ಇರಲಿಲ್ಲ. ಮುಂದೆ ಹೈಡ್ರೋಜನ್ ಅಂತ ಹೆಸರಾದ ಅನಿಲದ ಬಗ್ಗೆ 1766ರಲ್ಲಿ ಪ್ರಬಂಧ ಬರೆದು ದೊಡ್ಡ ವಿಜ್ಞಾನಿ ಅನ್ನಿಸಿಕೊಂಡ. ಆದರೆ ಜನ ಅಂದ್ರೆ ಮಾತ್ರ ಎದೆ ಢವಢವ.

1851ರಲ್ಲಿ ಜಾರ್ಜ್ ವಿಲ್ಸನ್ ಬರೆದ ಜೀವನಚರಿತ್ರೆಯಲ್ಲಿ ಈತನ ಕಥೆಗಳು ಬೇಕಾದಷ್ಟಿವೆ. ಊಟಕ್ಕೆ ಏನು ಬೇಕು ಅಂತ ಮನೆ ನೋಡಿಕೊಳ್ಳೋ ಹೆಂಗಸಿಗೆ ಬಾಯಿಬಿಟ್ಟು ಹೇಳದೆ, ಹಾಲ್‌ನ ಮೇಜಿನ ಮೇಲೆ ಚೀಟಿ ಬರೆದಿಡುತ್ತಿದ್ದನಂತೆ. ಒಮ್ಮೆ ಮೆಟ್ಟಿಲ ಮೇಲೆ ಕೆಲಸದವಳು ಎದುರಾಗಿದ್ದೇ ತಡ, ಹಿಂದುಗಡೆ ಬೇರೆ ಮೆಟ್ಟಿಲನ್ನೇ ಕಟ್ಟಿಸಿದನಂತೆ! ಇನ್ನೊಮ್ಮೆ ಒಂದು ಕೂಟದಲ್ಲಿ ಆಸ್ಟ್ರಿಯಾದಿಂದ ಬಂದಿದ್ದ ಅತಿಥಿಯೊಬ್ಬ ಎದುರು ನಿಂತು ಉದ್ದುದ್ದ ಹೊಗಳೋಕೆ ಶುರುಮಾಡಿದ. ಕ್ಯಾವೆಂಡಿಶ್ ತಲೆ ತಗ್ಗಿಸಿ ನಿಂತಿದ್ದ. ಗುಂಪಿನ ನಡುವೆ ಸ್ವಲ್ಪ ಜಾಗ ಕಂಡಿತು ನೋಡಿ, ಅಲ್ಲಿಂದ ಓಡಿ ಹೋಗಿ ಸಾರೋಟು ಹತ್ತಿ ಮನೆ ಸೇರಿದ. (ಓಡಿಹೋಗೋ ಆಸೆ ನನಗೂ ಎಷ್ಟೋ ಸಲ ಆಗಿದೆ, ಸಾರೋಟು ಇಲ್ಲ ಅಷ್ಟೇ.)

ಈತನದು ಬರೀ ನಾಚಿಕೆ ಅಲ್ಲದೇ ಇರಬಹುದು. ನರವೈದ್ಯ ಆಲಿವರ್ ಸ್ಯಾಕ್ಸ್ 2001ರಲ್ಲಿ, ಇದು ಆಸ್ಪರ್ಜರ್ ಸಿಂಡ್ರೋಮ್ ಇರಬಹುದು ಅಂತ ಬರೆದಿದ್ದರು. ಏನೇ ಇರಲಿ, ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಇಷ್ಟೆಲ್ಲ ಹೆದರುತ್ತಿದ್ದ ಮನುಷ್ಯ ರಾಯಲ್ ಸೊಸೈಟಿ ಕ್ಲಬ್ಬಿನ ಗುರುವಾರದ ಊಟಕ್ಕೆ ತಪ್ಪದೇ ಹೋಗುತ್ತಿದ್ದ, ವರ್ಷಾನುಗಟ್ಟಲೆ! ಅಂದ್ರೆ ಈತನಿಗೆ ಜನ ಬೇಕಿತ್ತು, ಮುತ್ತಿಗೆ ಬೇಡವಾಗಿತ್ತು. ಗೆಳೆಯರಿಗೂ ಇದು ಗೊತ್ತಿತ್ತು. ಕ್ಯಾವೆಂಡಿಶ್‌ನನ್ನ ಮಾತಾಡಿಸಬೇಕು ಅಂದ್ರೆ ಮುಖ ನೋಡಬೇಡಿ, ಖಾಲಿ ಗಾಳಿಗೆ ಹೇಳೋ ಹಾಗೆ ಹೇಳಿ, ಉತ್ತರ ಬಂದ್ರೂ ಬರಬಹುದು ಅಂತ ವಿಜ್ಞಾನಿ ವೊಲಾಸ್ಟನ್ ಹೇಳಿಕೊಡುತ್ತಿದ್ದನಂತೆ. "ಯಾಕೆ ಸುಮ್ನಿದೀಯ" ಅಂತ ಕೇಳೋದಕ್ಕಿಂತ ಇದು ಎಷ್ಟು ಮೇಲು!

ದೂರ ನಿಲ್ಲೋ ಆ ಗುಣವೇ ಒಮ್ಮೆ ಈತನ ಕೈ ಹಿಡಿಯಿತು ಅಂತಲೂ ಅನ್ನಿಸುತ್ತೆ. 1797-98ರಲ್ಲಿ ಸೀಸದ ಗುಂಡುಗಳನ್ನಿಟ್ಟುಕೊಂಡು ಭೂಮಿಯ ಸಾಂದ್ರತೆ ಅಳೆದಾಗ, ಮೈಯ ಬಿಸಿಗೆ ಗಾಳಿ ಅಲುಗಿದರೂ ಲೆಕ್ಕ ಕೆಡುತ್ತೆ ಅಂತ ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿದ. ಬಂದ ಉತ್ತರ, ನೀರಿನ 5.48 ಪಟ್ಟು. ಇವತ್ತಿನ ಲೆಕ್ಕ ಸುಮಾರು 5.51!

ಆದರೆ ಮೌನಕ್ಕೆ ಬೆಲೆಯೂ ಇದೆ. ವಿದ್ಯುತ್ತಿನ ಬಗ್ಗೆ ಈತ ಮಾಡಿದ ಪ್ರಯೋಗಗಳಲ್ಲಿ ಬಹುಪಾಲು ಪ್ರಕಟವಾಗಲೇ ಇಲ್ಲ. ನಾವು ಕಾಲೇಜಲ್ಲಿ ಉರು ಹೊಡೆದ ಕೂಲಂಬ್ ನಿಯಮ (1785), ಓಮ್ ನಿಯಮ (1827) ಎರಡನ್ನೂ ಅವರಿಬ್ಬರಿಗಿಂತ ಮೊದಲೇ ಕಂಡುಕೊಂಡಿದ್ದ. ಆ ಹಾಳೆಗಳನ್ನೆಲ್ಲ ಮ್ಯಾಕ್ಸ್‌ವೆಲ್ ಜೋಡಿಸಿ ಅಚ್ಚು ಹಾಕಿಸಿದ್ದು 1879ರಲ್ಲಿ. ಇದಕ್ಕೆ ನಾಚಿಕೆಯೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೂ ಊಟಕ್ಕೆ ಚೀಟಿ ಬರೆದ ಆಸಾಮಿ ಇದಕ್ಕೂ ಒಂದು ಚೀಟಿ ಬರೆದಿದ್ದರೆ... ಅಂತ ಸಂಕಟ ಆಗುತ್ತೆ.

ಸಂಕಟಕ್ಕೆ ಕಾರಣ ಇದೆ. ಹೋದ ವರ್ಷ ಒಂದು ಮೀಟಿಂಗಲ್ಲಿ ಕೋಡಿನ ತಪ್ಪೊಂದು ನನ್ನ ಕಣ್ಣಿಗೆ ಬಿದ್ದಿತ್ತು. ಹೇಳೋಣ ಅಂತ ಬಾಯಿ ತೆರೆಯೋಷ್ಟರಲ್ಲಿ ಇನ್ಯಾರೋ ಶುರುಮಾಡಿದರು, ನಾನು ಸುಮ್ಮನಾದೆ. ಮೂರು ವಾರ ಆದಮೇಲೆ ಅದೇ ತಪ್ಪು ಹುಡುಕೋಕೆ ಟೀಮಿನ ಇಬ್ಬರು ಎರಡು ರಾತ್ರಿ ನಿದ್ದೆಗೆಟ್ಟರು. ಅವತ್ತು ಸಂಜೆಯೇ ನಾಲ್ಕು ಸಾಲು ಮೈಲ್ ಬರೆಯಬಹುದಿತ್ತಲ್ಲ? ಅವರಿಬ್ಬರಿಗೂ ಇದನ್ನ ಇನ್ನೂ ಹೇಳಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಇರಬಹುದು. ಆದರೆ ಪೆಟ್ಟಿಗೆಯಲ್ಲೇ ಉಳಿದ ಬಂಗಾರದಿಂದ ಯಾರಿಗೇನು ಪ್ರಯೋಜನ? ಈಗೀಗ ಮೀಟಿಂಗಲ್ಲಿ ಬಾಯಿ ಬರದಿದ್ರೆ ಆಮೇಲೆ ಬರೆದು ಕಳಿಸ್ತೀನಿ. ನೀವೂ ಅಷ್ಟೇ, ಮುಂದಿನ ಸಲ ಊಟಕ್ಕೆ ಸಿಕ್ಕಾಗ ಯಾಕೆ ಸುಮ್ನಿದೀಯ ಅಂತ ಕೇಳಬೇಡಿ. ಗೋಡೆ ನೋಡ್ಕೊಂಡು ಭೂಮಿಯ ತೂಕದ ವಿಷಯ ಎತ್ತಿ. ಆಮೇಲೆ ನಿಲ್ಸೋದು ನಿಮ್ಮ ಕಷ್ಟ!